ಎಲುಬಿಲ್ಲದ ಮೀನಿನ ದರ್ಶನ

ಮಳೆಗಾಲ ಮುಗಿದು ನೇತ್ರಾಣಿ ದ್ವೀಪದ ಸುತ್ತಣ ನೀರು ತಿಳಿಯಾಗಿತ್ತು. ಮುರುಡೇಶ್ವರದ ದೋಣಿಗಳು ಮತ್ತೆ ಹೊರಟಿದ್ದವು. ಶಹಾಬಾದಿನ ಫರಸಿಯ ಮೇಲೆ ಆಡಿ ಬೆಳೆದ ಬಯಲುಸೀಮೆಯವನೊಬ್ಬನು ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಶಾರ್ಕನ್ನು ಕಾಣಹೋದನು. ಕಂಡುದು ಮೂರು ಉಸಿರಿನಷ್ಟು ಹೊತ್ತು. ಅಂಜಿ ತಿರುಗಿದುದು ಮಾತ್ರ ಅವನಲ್ಲ.

ದೋಣಿಯ ಅಂಚಿನ ಮೇಲೆ ಸಮುದ್ರಕ್ಕೆ ಬೆನ್ನು ಮಾಡಿ, ಸುಮಾರು 14 ಕಿಲೋ ತೂಕದ ಸಿಲಿಂಡರನ್ನು ಹೊತ್ತು, ಕಣ್ಣಿನ ಮುಖವಾಡವನ್ನೂ ಬಾಯಿಯ ನಳಿಗೆಯನ್ನೂ ಒಂದೇ ಕೈಯಿಂದ ಅದುಮಿ ಹಿಡಿದು ಕುಳಿತಿದ್ದಾಗ, ಇನ್ನೊಂದು ಕ್ಷಣದಲ್ಲಿ ನಾನು ಹಿಮ್ಮುಖವಾಗಿ ಉರುಳಬೇಕಾಗಿದ್ದ ಆ ನೀಲಜಲರಾಶಿಯು ನನ್ನ ಕಣ್ಣಿಗೆ ಬೀಳದಿದ್ದುದೇ ದೊಡ್ಡ ಉಪಕಾರವಾಯಿತು. ಬಿದ್ದಿದ್ದರೆ ನಾನು ಉರುಳುತ್ತಿರಲಿಲ್ಲ.

ದಡದಿಂದ ಹೊರಟಾಗಿನಿಂದ ನಾನು ತರಬೇತಿಯ ಹುಡುಗನನ್ನು ಒಂದೇ ಪ್ರಶ್ನೆ ಕೇಳಿ ಬೇಸರಪಡಿಸಿದ್ದೆನು: ಶಾರ್ಕು ಎದುರಾದರೆ ಏನು ಮಾಡಬೇಕು? ಅವನು ಕೊನೆಯ ಸಲ ನಕ್ಕು, “ನೋಡೂದು, ಅಷ್ಟೇ ಮಾರಾಯ್ರೆ. ಅದು ನಿಮಗೋಸ್ಕರ ಕಾಯ್ತಾ ಇರೂದಿಲ್ಲ” ಎಂದನು. ಬಳಿಕ ಮೂರರಿಂದ ಒಂದಕ್ಕೆ ಎಣಿಸಿದನು. ಆಕಾಶವು ಮಗುಚಿತು.

ಫರಸಿಯ ಕೆಳಗಿನ ಕಡಲು

ನಾನು ಚಿತ್ತಾಪುರದ ಸೀಮೆಯವನು. ತೊಗರಿಯ ಹೊಲಗಳೂ ಕಲ್ಲಿನ ಗಣಿಗಳೂ ಬಿಸಿಲೂ ಹೇರಳವಾಗಿ, ಈಸು ಕಲಿಯಬೇಕಾದರೆ ಭೀಮೆಯನ್ನೋ ಕಾಗಿಣೆಯನ್ನೋ ಹುಡುಕಿಕೊಂಡು ಹೋಗಬೇಕಾದ ನಾಡು ನಮ್ಮದು. ಬೇಸಗೆಯ ಮಧ್ಯಾಹ್ನಗಳಲ್ಲಿ ಅಂಗಿ ಕಳಚಿ ನೆಲದ ಫರಸಿಯ ಮೇಲೆ ಬೋರಲಾಗಿ ಮಲಗಿ ಎದೆಯನ್ನು ತಂಪು ಮಾಡಿಕೊಳ್ಳುವುದೇ ನಮ್ಮ ಬಾಲ್ಯದ ಜಲವಿಹಾರವಾಗಿತ್ತು.

ಆ ಫರಸಿಯು ಏನೆಂಬುದು ಎಷ್ಟೋ ವರ್ಷಗಳ ತರುವಾಯ ತಿಳಿಯಿತು. ಭೂವಿಜ್ಞಾನಿಗಳು ‘ಭೀಮಾ ಸಮೂಹ’ವೆಂದು ಕರೆಯುವ ಶಿಲಾಪದರಗಳ ಸುಣ್ಣಕಲ್ಲು ಅದು, ಮೀನೆಂಬ ಪ್ರಾಣಿಯೇ ಭೂಮಿಯ ಮೇಲೆ ಹುಟ್ಟಿರದಿದ್ದ ಕಾಲದಲ್ಲಿ, ಈ ಪ್ರದೇಶವನ್ನು ಆವರಿಸಿದ್ದ ಆಳವಿಲ್ಲದ ಸಮುದ್ರವೊಂದರ ತಳದಲ್ಲಿ ಪದರ ಪದರವಾಗಿ ನೆಲೆನಿಂತ ಸುಣ್ಣದ ಕೆಸರು ಅದು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕಾರಖಾನೆಗಳು ಹಗಲಿರುಳು ಅರೆದು ಚೀಲಕ್ಕೆ ತುಂಬುತ್ತಿರುವುದು ಆ ಪುರಾತನ ಕಡಲಿನ ತಳವನ್ನೇ. ಹೀಗೆ ಕಡಲತಳದ ಮೇಲೆಯೇ ಹುಟ್ಟಿದವನು, ನಡುವಯಸ್ಸಿನಲ್ಲಿ ಕಡಲನ್ನು ನೋಡಲು ಹೊರಟೆನೆನ್ನಬೇಕು.

ಸನ್ನತಿಯಲ್ಲಿರುವ ನನ್ನ ಸೋದರತ್ತೆಗೆ ಈ ವ್ಯಾಖ್ಯಾನವು ರುಚಿಸಲಿಲ್ಲ. “ಭೀಮಿ ಹೊಳ್ಯಾಗ ಈಸಿದ್ದು ಸಾಲಲಿಲ್ಲೇನಪಾ? ಮೀನ ನೋಡ್ಲಕ ಅಷ್ಟು ದೂರ ಯಾಕ ಹೋಗ್ಬೇಕು, ಬಜಾರದಾಗ ಸಿಗ್ತಾವಲ್ಲ!” ಎಂದಳು. ಆದರೂ ಚಂದ್ರಲಾಂಬೆಯ ಗುಡಿಯಿಂದ ಕೆಂಪು ದಾರವೊಂದನ್ನು ತಂದು ನನ್ನ ಬಲಗೈಗೆ ಬಿಗಿಯಾಗಿ ಕಟ್ಟಿದಳು. ಅವಳ ಮಾತೂ ಆ ದಾರವೂ ಮುಂದೆ ನನಗೆ ಒಂದೊಂದು ಪಾಠವನ್ನು ಕಲಿಸಲಿದ್ದವು.

ಪಾರಿವಾಳಗಳ ದ್ವೀಪ

ಹುಬ್ಬಳ್ಳಿಯನ್ನು ಹಾಯ್ದು, ಅರಬೈಲು ಘಟ್ಟವನ್ನಿಳಿದು, ಅಂಕೋಲೆ, ಕುಮಟೆ, ಹೊನ್ನಾವರಗಳನ್ನು ದಾಟಿದರೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರ. ಅಲ್ಲಿಂದ ದೋಣಿಯು ಪಶ್ಚಿಮಾಭಿಮುಖವಾಗಿ ಸಾಗಿದಂತೆ, ದಡದಲ್ಲಿ ಕತ್ತೆತ್ತಿ ನೋಡಬೇಕಾಗಿದ್ದ 123 ಅಡಿಯ ಶಿವನ ಮೂರ್ತಿಯು ಕ್ರಮೇಣ ಮೊಳದಷ್ಟಾಗಿ, ಗೇಣಿನಷ್ಟಾಗಿ, ಕಡೆಗೆ ಹೆಬ್ಬೆರಳ ಉಗುರಿನ ಹಿಂದೆ ಅಡಗುವಷ್ಟಾಗುತ್ತದೆ. ಆ ಹೊತ್ತಿಗೆ ಎದುರಿಗೆ ಹಸುರು ಹೊದ್ದ ಕಡಿದಾದ ಬಂಡೆಯೊಂದು ಸಮುದ್ರದಿಂದ ಮೇಲೇಳುತ್ತದೆ. ಅದೇ ನೇತ್ರಾಣಿ, ಹಳೆಯ ನಕ್ಷೆಗಳ ‘ಪಿಜನ್ ಐಲೆಂಡ್’.

ದ್ವೀಪದಲ್ಲಿ ಮನುಷ್ಯರ ವಸತಿಯಿಲ್ಲ. ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಮೀನುಗಾರರು ಹರಕೆಯೊಪ್ಪಿಸಿ ಬಿಟ್ಟುಬಂದ ಆಡುಗಳ ಸಂತತಿಯು ಒಡೆಯರಿಲ್ಲದೆ ಮೇಯುತ್ತದೆ. ಇದೇ ದ್ವೀಪವನ್ನು ನೌಕಾಪಡೆಯು ಗುರಿಯಭ್ಯಾಸಕ್ಕೆ ಬಳಸಿಕೊಂಡುದೂ ಅದಕ್ಕೆ ಪರಿಸರಾಸಕ್ತರು ಆಕ್ಷೇಪವೆತ್ತಿದುದೂ ಉಂಟು. ಹರಕೆಯನ್ನೂ ಫಿರಂಗಿಯ ಗುಂಡನ್ನೂ ಒಂದೇ ಬಂಡೆಗೆ ಅರ್ಪಿಸಬಲ್ಲ ಜೀವಿಯು ಮನುಷ್ಯನಲ್ಲದೆ ಬೇರೊಂದಿರಲಾರದು.

ನೇತ್ರಾಣಿ: ಹೋಗುವ ಮುನ್ನ

- ಎಲ್ಲಿ: ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ದೂರ, ಅರಬ್ಬೀ ಸಮುದ್ರದಲ್ಲಿ. ಆಕಾಶದಿಂದ ನೋಡಿದರೆ ಹೃದಯದ ಆಕಾರ.
- ಯಾವಾಗ: ಮಳೆಗಾಲ ಕಳೆದ ಮೇಲೆ, ಬೇಸಗೆಯ ಕೊನೆಯವರೆಗೆ. ಚಳಿಗಾಲದಲ್ಲಿ ನೀರು ಹೆಚ್ಚು ತಿಳಿ.
- ಎಷ್ಟು ಆಳ: ಮೊದಲ ಸಲ ಮುಳುಗುವವರಿಗೆ ಗರಿಷ್ಠ 12 ಮೀಟರು; ತರಬೇತುದಾರರು ಜೊತೆಗಿರಲೇಬೇಕು.
- ಎಚ್ಚರಿಕೆ: ಶೀತ, ಕಿವಿನೋವು, ಉಬ್ಬಸ, ಹೃದ್ರೋಗಗಳಿದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ಮುಳುಗಿದ ದಿನವೇ ವಿಮಾನ ಹತ್ತಬಾರದು.

ಕೆಂಪು ಕರಗುವ ಲೋಕ

ನೀರಿನೊಳಗೆ ಮೊದಲು ಕೇಳಿಸುವುದು ತನ್ನದೇ ಉಸಿರು. ಒಳಕ್ಕೆಳೆದಾಗ ಹಾವಿನ ಬುಸುಗಾಟದಂತೆ, ಹೊರಬಿಟ್ಟಾಗ ಅನ್ನದ ಗಡಿಗೆ ಕುದಿವಂತೆ. ಹುಟ್ಟಿದಂದಿನಿಂದ ಗಮನಿಸದೆ ನಡೆಸಿಕೊಂಡು ಬಂದ ಕೆಲಸವೊಂದನ್ನು ಈಗ ಪ್ರತಿಯೊಂದು ಸಲವೂ ಗಮನವಿಟ್ಟು ಮಾಡಬೇಕಾಗುತ್ತದೆ. ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದೆಂಬುದು ಈ ವಿದ್ಯೆಯ ಪ್ರಥಮ ಸೂತ್ರ; ಏಕೆಂದರೆ ಆಳದ ಒತ್ತಡದಲ್ಲಿ ಶ್ವಾಸಕೋಶವನ್ನು ತುಂಬಿದ ಗಾಳಿಯು, ಮೇಲೇರುತ್ತಿದ್ದಂತೆ ಹಿಗ್ಗಿ, ಹೊರದಾರಿ ಕಾಣದಿದ್ದರೆ ಶ್ವಾಸಕೋಶವನ್ನೇ ಸೀಳಬಲ್ಲದು.

ಈ ಯಂತ್ರಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ 1943ರಲ್ಲಿ, ಉಸಿರೆಳೆದಾಗ ಮಾತ್ರ, ಸುತ್ತಣ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿಯನ್ನು ಒದಗಿಸುವ ಕವಾಟವೊಂದನ್ನು ರೂಪಿಸಿದರು. ಅಲ್ಲಿಯವರೆಗೆ ಕಡಲೊಳಗೆ ನಡೆಯಬೇಕಾದವನು ಬಹುಮಟ್ಟಿಗೆ ಹಡಗಿನಿಂದ ಇಳಿಬಿಟ್ಟ ಕೊಳವೆಗೆ ಕಟ್ಟಿಹಾಕಿದ ಕರುವಿನಂತೆ ಇರಬೇಕಾಗಿತ್ತು. ಕವಾಟವು ಆ ಹಗ್ಗವನ್ನು ಬಿಚ್ಚಿತು.

ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡವು ದಡದಲ್ಲಿದ್ದುದರ ಇಮ್ಮಡಿ. ಕಿವಿಯ ತಮಟೆಯು ಒಳಕ್ಕೆ ಒತ್ತಿ ನೋಯುತ್ತದೆ. ಮೂಗನ್ನು ಹಿಡಿದು ಮೆಲ್ಲನೆ ಊದಿದರೆ ‘ಪಟ್’ ಎಂದು ಬಿಡುತ್ತದೆ. ಎಲ್ಲವೂ ಚೆನ್ನಾಗಿದೆಯೆಂದು ತಿಳಿಸಲು ನಾನು ಸಂತೋಷದಿಂದ ಹೆಬ್ಬೆರಳನ್ನೆತ್ತಿದೆನು. ತಕ್ಷಣವೇ ಹುಡುಗನು ನನ್ನ ಸಿಲಿಂಡರನ್ನು ಹಿಡಿದು ಮೇಲಕ್ಕೆ ಒಯ್ಯತೊಡಗಿದನು! ನೀರೊಳಗಿನ ಭಾಷೆಯಲ್ಲಿ ಹೆಬ್ಬೆರಳೆತ್ತಿದರೆ ‘ಮೇಲಕ್ಕೆ ಹೋಗೋಣ’ ಎಂದರ್ಥ. ಕ್ಷೇಮವನ್ನು ಸೂಚಿಸಬೇಕಾದರೆ ಹೆಬ್ಬೆರಳು ತೋರುಬೆರಳುಗಳನ್ನು ಬಳೆಯಂತೆ ಕೂಡಿಸಬೇಕು. ದೋಣಿಯಲ್ಲಿ ಹತ್ತು ಸಲ ಹೇಳಿಕೊಟ್ಟ ಪಾಠವನ್ನು ಮೊದಲ ಸಲಕ್ಕೇ ಮರೆತವನಾಗಿ, ಬಳೆ ಮಾಡಿ ತೋರಿಸಿ, ಮತ್ತೆ ಇಳಿದೆನು.

ಆಗ ನನ್ನ ಮಣಿಕಟ್ಟಿನ ಮೇಲೆ ದೃಷ್ಟಿ ಬಿದ್ದಿತು. ಅತ್ತೆ ಕಟ್ಟಿದ ದಾರವು ಕಪ್ಪಾಗಿತ್ತು. ಕುಂಕುಮದಂತೆ ಉರಿಯುತ್ತಿದ್ದ ಆ ಕೆಂಪು, ಒಲೆಯಿಂದ ಹೊರಗೆಳೆದ ಕೊಳ್ಳಿಯಂತೆ ಮಸಿಬಣ್ಣಕ್ಕೆ ತಿರುಗಿತ್ತು. ಸೂರ್ಯಪ್ರಕಾಶದ ಬಣ್ಣಗಳಲ್ಲಿ ನೀರು ಮೊಟ್ಟಮೊದಲು ಕುಡಿದುಬಿಡುವುದು ಕೆಂಪನ್ನು. ಕೆಲವೇ ಮೀಟರುಗಳ ಕೆಳಗೆ ರಕ್ತವೂ ಕೆಂಪಾಗಿ ಕಾಣದು. ಪುಸ್ತಕದಲ್ಲಿ ಓದಿ ತಲೆದೂಗಿದ್ದ ಸಂಗತಿಯು ಸ್ವಂತ ಕೈಯ ಮೇಲೆ ಘಟಿಸಿದಾಗ ಮೈ ಜುಮ್ಮೆಂದಿತು.

ಬಂಡೆಗಳ ಮೇಲೆ ಹವಳ ಬೆಳೆದಿತ್ತು. ಹವಳವನ್ನು ಕಟ್ಟುವ ಜೀವಿಯು ಕಡಲನೀರಿನಿಂದ ಹೀರಿ ಹೊರಹಾಕುವುದು, ನಮ್ಮ ಫರಸಿಯಲ್ಲಿರುವ ಸುಣ್ಣದ ವಸ್ತುವನ್ನೇ. ನಮ್ಮೂರಿನಲ್ಲಿ ಹಾಸುಗಲ್ಲಾಗಿ ಮಲಗಿರುವ ಸುಣ್ಣವು ಇಲ್ಲಿ ಕೊಂಬೆಯೊಡೆದು, ಗಿಳಿಮೀನು ಚಿಟ್ಟೆಮೀನುಗಳಿಗೆ ಮನೆಯಾಗಿ ನಿಂತಿತ್ತು.

ಮೂರು ಉಸಿರು

ಮೊದಲು ತಿಳಿಸಿದವು ಸಣ್ಣ ಮೀನುಗಳು. ಗದ್ದಲದಿಂದ ಆಡುತ್ತಿದ್ದ ಗುಂಪೊಂದು, ಮೇಷ್ಟರು ಬಂದಾಗ ತರಗತಿಯು ಹೇಗೋ ಹಾಗೆ, ಬಂಡೆಗೆ ಒತ್ತಿಕೊಂಡು ದಾರಿ ಬಿಟ್ಟಿತು. ಹುಡುಗನು ತನ್ನ ಅಂಗೈಯನ್ನು ನೆಟ್ಟಗೆ ನಿಲ್ಲಿಸಿ ಹಣೆಗೆ ಹಚ್ಚಿದನು. ಶಾರ್ಕಿನ ಬೆನ್ನುರೆಕ್ಕೆಯ ಸಂಜ್ಞೆ ಅದು.

ಬಂಡೆಯ ಅಂಚಿನಲ್ಲಿ, ಬೆಳಕು ಮಸುಕಾಗುವ ಮೇರೆಯಲ್ಲಿ, ಬೂದುಬಣ್ಣದ ನೆಳಲೊಂದು ದೇಹವಾಯಿತು. ರೆಕ್ಕೆಗಳ ತುದಿಗೆ ಮಸಿಯಲ್ಲಿ ಅದ್ದಿದಂತೆ ಕಪ್ಪು, ಹೊಟ್ಟೆ ಬೆಳ್ಳಗೆ, ಕಣ್ಣು ರೆಪ್ಪೆ ಮಿಟುಕದ ಒಂದು ಹಳದಿ ಬಿಂದು. ಕರಿತುದಿಯ ಹವಳದಿಬ್ಬದ ಶಾರ್ಕು. ಈಜುತ್ತಿತ್ತೆನ್ನುವುದಕ್ಕಿಂತ, ನೀರು ತಾನಾಗಿಯೇ ಅದನ್ನು ಮುಂದಕ್ಕೆ ಸಾಗಿಸುತ್ತಿತ್ತೆನ್ನಬೇಕು. ಅಷ್ಟು ಅನಾಯಾಸವಾದ ಚಲನೆಯನ್ನು ನಾನು ಗಾಳಿಯಲ್ಲಿ ತೇಲುವ ಹದ್ದಿನಲ್ಲಿ ಮಾತ್ರ ಕಂಡಿದ್ದೆನು.

ನನ್ನ ಕಣ್ಣಿಗೆ ಅದು ಐದಡಿಯನ್ನು ಮೀರಿತ್ತು. ಆದರೆ ಮುಖವಾಡದ ಗಾಜಿನ ಮೂಲಕ ನೋಡುವಾಗ ನೀರೊಳಗಿನ ವಸ್ತುಗಳು ಮೂರರಲ್ಲೊಂದು ಪಾಲು ಹಿಗ್ಗಿ, ನಾಲ್ಕರಲ್ಲೊಂದು ಪಾಲು ಹತ್ತಿರವಾಗಿ ತೋರುತ್ತವೆ. ಲೆಕ್ಕ ಹಾಕಿದರೆ ಅದು ನಾಲ್ಕಡಿಯ ಪ್ರಾಣಿ. ಭಯವೆಂಬುದರ ಬಹುಭಾಗವು ಹೀಗೆ ಮಾಧ್ಯಮದ ದೋಷವೇ ಇರಬೇಕು.

ಒಂದು ಉಸಿರು, ಅದು ಬಂದಿತು. ಎರಡನೆಯ ಉಸಿರು, ಅಡ್ಡವಾಗಿ ತಿರುಗಿ ನಮ್ಮನ್ನು ಅಳೆಯಿತು. ಮೂರನೆಯ ಉಸಿರಿಗೆ ನನ್ನ ನಳಿಗೆಯಿಂದ ಗುಳ್ಳೆಗಳು ಭರ್ರನೆ ಎದ್ದವು. ಬಾಲದ ಒಂದೇ ಬೀಸಿಗೆ ಅದು ಇಲ್ಲವಾಯಿತು. ಓಡಿದುದು ಅದು, ಓಡಿಸಿದವನು ನಾನು!

ಕಡತಂದ ಭಯ

ನಮ್ಮ ಬಯಲುನಾಡಿನವರಿಗೆ ಶಾರ್ಕಿನ ಭಯವು ಎಲ್ಲಿಂದ ಬಂದಿತು? ಕಾವ್ಯಗಳ ಸಮುದ್ರದಲ್ಲಿ ಮಕರಗಳುಂಟು, ತಿಮಿಯುಂಟು, ತಿಮಿಯನ್ನೇ ನುಂಗುವ ತಿಮಿಂಗಿಲವುಂಟು. ಗೀತೆಯ ವಿಭೂತಿಯೋಗದಲ್ಲಿ ಭಗವಂತನು ಮತ್ಸ್ಯಗಳಲ್ಲಿ ತಾನು ಮಕರವೆಂದು ಹೇಳಿಕೊಂಡಿದ್ದಾನೆ. ಆ ಪದವನ್ನು ಇಂಗ್ಲಿಷಿನ ಕೆಲವು ಅನುವಾದಕರು ‘ಶಾರ್ಕ್’ ಎಂದೇ ತಿರುಗಿಸಿದ್ದಾರೆ. ಹಾಗಿದ್ದರೆ ಅದು ವಿಭೂತಿಯೇ ಹೊರತು ರಾಕ್ಷಸನಲ್ಲ. ಕರಾವಳಿಯವರಿಗಂತೂ ಅದು ನಿತ್ಯದ ‘ತಾಟೆ’, ಕೊಂಕಣಿಯವರಿಗೆ ‘ಮೋರಿ’. ಸಾರಿಗೆ ಬೀಳುವ ಮೀನಿಗೆ ಯಾರೂ ದಿಗಿಲುಬೀಳರು.

ನಮ್ಮ ದಿಗಿಲು ಸಿನಿಮಾದ ಪರದೆಯಿಂದ ಬಂದುದು. 1975ರಲ್ಲಿ ತೆರೆಕಂಡ ಸ್ಪೀಲ್‌ಬರ್ಗರ ‘ಜಾಸ್’ ಚಿತ್ರವು, ಸಮುದ್ರವನ್ನೇ ಕಾಣದವರ ಎದೆಯಲ್ಲಿಯೂ ಆ ರೆಕ್ಕೆಯನ್ನು ನೆಟ್ಟಿತು. ಮೂಲ ಕಾದಂಬರಿಯನ್ನು ಬರೆದ ಪೀಟರ್ ಬೆಂಚ್ಲಿ ತನ್ನ ಉತ್ತರಾಯುಷ್ಯವನ್ನು ಶಾರ್ಕುಗಳ ರಕ್ಷಣೆಯ ಪ್ರಚಾರಕ್ಕೆ ಮೀಸಲಿಟ್ಟನೆಂಬುದು ಅಷ್ಟು ಪ್ರಸಿದ್ಧವಾಗಲಿಲ್ಲ.

ಕೆಣಕದೆಯೇ ಶಾರ್ಕು ಮನುಷ್ಯನನ್ನು ಕಚ್ಚಿದ ಪ್ರಸಂಗಗಳು ಇಡೀ ಜಗತ್ತಿನಲ್ಲಿ ವರ್ಷಕ್ಕೆ 60-70ರ ಆಸುಪಾಸು. ಸಾವುಗಳು ಸಾಮಾನ್ಯವಾಗಿ ಹತ್ತರೊಳಗೆ. ನಮ್ಮ ದೇಶದಲ್ಲಿ ಹಾವು ಕಡಿದು ಸಾಯುವವರು ವರ್ಷಕ್ಕೆ ಸರಾಸರಿ 58,000 ಎಂದು ಅಂದಾಜು. ತೊಗರಿಯ ಹೊಲಕ್ಕೆ ಬರಿಗಾಲಿನಲ್ಲಿ ಹೋಗಿಬರುವ ನಾನು ನೇತ್ರಾಣಿಯ ದೋಣಿಯಲ್ಲಿ ನಡುಗಿದೆನೆಂಬುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದುಗರು ನಗಬಹುದು.

ತಾಟೆ: ಕೆಲವು ಸಂಗತಿಗಳು

- ಶಾರ್ಕಿನ ಮೈಯಲ್ಲಿ ಎಲುಬಿಲ್ಲ; ಅಸ್ಥಿಪಂಜರವೆಲ್ಲ ನಮ್ಮ ಹೊರಕಿವಿಯಲ್ಲಿರುವಂಥ ಮೃದ್ವಸ್ಥಿ.
- ಮೂತಿಯ ಮೇಲಿನ ಸೂಕ್ಷ್ಮ ರಂಧ್ರಗಳಿಂದ ಇತರ ಜೀವಿಗಳ ದೇಹದ ಕ್ಷೀಣ ವಿದ್ಯುತ್ತನ್ನು ಅದು ಗ್ರಹಿಸುತ್ತದೆ. 1678ರಲ್ಲಿ ಇವನ್ನು ವರ್ಣಿಸಿದ ಇಟಲಿಯ ಲೊರೆಂಜಿನಿಯ ಹೆಸರೇ ಇವಕ್ಕೆ ಉಳಿದಿದೆ.
- ಶಾರ್ಕುಗಳ ವಂಶವು 40 ಕೋಟಿ ವರ್ಷಗಳಿಗೂ ಹಿಂದಿನದು. ಡೈನೋಸಾರ್‌ಗಳಿಗಿಂತ ಬಹಳ ಹಳೆಯದು.
- ಕರಿತುದಿಯ ಹವಳದಿಬ್ಬದ ಶಾರ್ಕು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಸಾಮಾನ್ಯವಾಗಿ ಒಂದು ಸೂಲಿಗೆ ಎರಡರಿಂದ ಐದು.
- ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕು ಹಲ್ಲಿನಿಂದ ಬೇಟೆಯಾಡದೆ ನೀರನ್ನು ಸೋಸಿ ತಿನ್ನುತ್ತದೆ. 2001ರಿಂದ ಅದಕ್ಕೆ ವನ್ಯಜೀವಿ ಕಾಯಿದೆಯ ರಕ್ಷಣೆ.

ಅತ್ತೆಯ ಮಾತು ನಿಜವಾದುದು

ಮರುದಿನ ಮುಂಜಾನೆ ಭಟ್ಕಳದ ಮೀನುಪೇಟೆಗೆ ಹೋದೆನು. ಬಂಗುಡೆ, ಸೀಗಡಿಗಳ ರಾಶಿಗಳ ನಡುವೆ ಒಂದು ಬುಟ್ಟಿಯಲ್ಲಿ, ಸೌದೆಯ ಹೊರೆಯಂತೆ ಒಪ್ಪವಾಗಿ ಜೋಡಿಸಿದ, ಮೊಳದುದ್ದದ ಬೂದುಬಣ್ಣದ ಮೀನುಗಳಿದ್ದವು. ಬಾಲದಿಂದ ತಲೆಯ ಕಡೆಗೆ ಬೆರಳಾಡಿಸಿದೆನು, ಮರಳುಕಾಗದದಂತೆ ತರಚಿತು. ಶಾರ್ಕಿನ ಚರ್ಮವನ್ನು ಹೊದ್ದಿಸಿರುವುದು ಹಲ್ಲಿನ ಆಕಾರದ ಸೂಕ್ಷ್ಮ ಚಿಪ್ಪುಗಳು.

“ತಾಟೆ ಮರಿ. ಮನೇಲಿ ಬಾಣಂತಿ ಇದ್ರೆ ತಕೊಂಡ್ಹೋಗಿ, ಹಾಲು ಬರ್ತದೆ” ಎಂದು ಮಾರುವಾಕೆ ಹೇಳಿದಳು. ನಂಬಿಕೆಯು ಹಳೆಯದು. ನಮ್ಮ ಸಮುದ್ರದ ಒಂದು ಸಣ್ಣ ಶಾರ್ಕಿಗೆ ‘ಮಿಲ್ಕ್ ಶಾರ್ಕ್’ ಎಂಬ ಇಂಗ್ಲಿಷ್ ಹೆಸರು ಬಂದುದು ಭಾರತದ ಈ ನಂಬಿಕೆಯಿಂದಲೇ.

ಅತ್ತೆ ಹೇಳಿದಂತೆಯೇ ಆಯಿತು. ಐನೂರು ಕಿಲೋಮೀಟರು ಸಾಗಿ, ಸಮುದ್ರದಡಿ ಇಳಿದು, ಒಂದೇ ಒಂದು ಶಾರ್ಕನ್ನು ಮೂರು ಉಸಿರಿನ ಹೊತ್ತು ಕಂಡಿದ್ದೆನು. ಇಲ್ಲಿ ಬಜಾರದಲ್ಲಿ, ಒಂದೇ ಬುಟ್ಟಿಯಲ್ಲಿ, ಮೂವತ್ತೆರಡು. ನಾನು ಎಣಿಸಿದೆನು.

ಈ ಬುಟ್ಟಿಯಲ್ಲಿ ಸ್ವಭಾವತಃ ಸಣ್ಣ ಜಾತಿಯವೂ ಇರುತ್ತವೆ, ದೊಡ್ಡ ಜಾತಿಗಳ ಎಳೆಯವೂ ಇರುತ್ತವೆ. ಬಲೆಗೆ ಆ ಭೇದ ತಿಳಿಯದು. ಬಂಗುಡೆಯು ಸಾವಿರ ಸಾವಿರ ಮೊಟ್ಟೆಗಳನ್ನು ಚೆಲ್ಲಿ ನಷ್ಟವನ್ನು ತುಂಬಿಕೊಳ್ಳುತ್ತದೆ. ಹಲವು ವರ್ಷ ಬೆಳೆದು, ತಿಂಗಳುಗಟ್ಟಲೆ ಬಸುರು ಹೊತ್ತು, ನಾಲ್ಕಾರು ಮರಿ ಹಾಕುವ ಪ್ರಾಣಿಗೆ ಅದು ಸಾಧ್ಯವಿಲ್ಲ. ಮನುಷ್ಯನಿಂದ ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕುಗಳು ಸಾಯುತ್ತವೆಂದು 2013ರ ಅಂದಾಜು. 58 ದೇಶಗಳ 371 ಹವಳದಿಬ್ಬಗಳಲ್ಲಿ ಕ್ಯಾಮೆರಾ ಇಳಿಸಿ ನಡೆಸಿದ ಸಮೀಕ್ಷೆಯ ಫಲವು 2020ರಲ್ಲಿ ಪ್ರಕಟವಾಯಿತು. ಸುಮಾರು ಐದರಲ್ಲೊಂದು ದಿಬ್ಬದಲ್ಲಿ ಒಂದೂ ಶಾರ್ಕು ಕಾಣಲಿಲ್ಲ.

ಅಶೋಕನ ಪಟ್ಟಿ

ಊರಿಗೆ ಮರಳಿದಾಗ ದಾರವು ಮತ್ತೆ ಕೆಂಪಾಗಿತ್ತು. ಅತ್ತೆಗೆ ಅದನ್ನು ತೋರಿಸಿ ಚಂದ್ರಲಾಂಬೆಯ ಗುಡಿಗೆ ಹೋದೆನು. ಈ ಆವರಣದ ಕಾಳಿಯ ಗುಡಿಯ ಛಾವಣಿಯು 1986ರಲ್ಲಿ ಕುಸಿದಾಗಲೇ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನವು ಬೆಳಕಿಗೆ ಬಂದುದು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಆ ಚಕ್ರವರ್ತಿಯ ಹೆಸರನ್ನೇ ಬ್ರಾಹ್ಮಿಯಲ್ಲಿ ಕೆತ್ತಿದ ಶಿಲ್ಪವೂ ದೊರೆತಿದೆ. ಆ ಸ್ತೂಪದ ಚಪ್ಪಡಿಗಳೂ ಸುಣ್ಣಕಲ್ಲಿನವೇ.

ಸನ್ನತಿಯ ಶಾಸನದಲ್ಲಿ ಮೀನಿನ ಪ್ರಸ್ತಾಪವಿಲ್ಲ. ಆದರೆ ಅದೇ ಅರಸನು ಪಟ್ಟಾಭಿಷೇಕದ 26 ವರ್ಷಗಳ ತರುವಾಯ ಉತ್ತರದೇಶದ ಸ್ತಂಭಗಳ ಮೇಲೆ ಬರೆಯಿಸಿದ ಐದನೆಯ ಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಗಳ ದೀರ್ಘವಾದ ಪಟ್ಟಿಯಿದೆ. ಅದರಲ್ಲಿ ‘ಅನಠಿಕಮಛೆ’ ಎಂಬುದೊಂದು ಹೆಸರು. ಅನಸ್ಥಿಕ ಮತ್ಸ್ಯ, ಎಂದರೆ ಎಲುಬಿಲ್ಲದ ಮೀನು. ಅದು ಯಾವ ಜಲಚರವೆಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲವಾದರೂ, ಆ ಮಾತು ತಾಟೆಗೆ ಒಪ್ಪುವಷ್ಟು ಅಕ್ಷರಶಃ ಇನ್ನಾವುದಕ್ಕೂ ಒಪ್ಪದೆಂದು ನನ್ನ ಮನಸ್ಸು ಹೇಳುತ್ತದೆ.

ಅದೇ ಶಾಸನವು ಮೂರು ಚಾತುರ್ಮಾಸಿಗಳಲ್ಲಿಯೂ ತಿಷ್ಯದ ಹುಣ್ಣಿಮೆಯಲ್ಲಿಯೂ ಮೂರು ಮೂರು ದಿನ, ಅಲ್ಲದೆ ಉಪವಾಸದ ದಿನಗಳಲ್ಲಿಯೂ, ಮೀನನ್ನು ಕೊಲ್ಲಕೂಡದು, ಮಾರಲೂ ಕೂಡದೆಂದು ವಿಧಿಸುತ್ತದೆ. ಇಂದು ನಮ್ಮ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ತಡೆಯುಂಟು. ಶಾರ್ಕಿನ ರೆಕ್ಕೆಗಳ ರಫ್ತನ್ನು ದೇಶವು 2015ರಲ್ಲಿ ನಿಷೇಧಿಸಿದೆ. ಬಿಡುವು ಕೊಟ್ಟರೆ ನೀರು ತುಂಬಿಕೊಳ್ಳುತ್ತದೆಂಬ ತಿಳಿವು ಎರಡು ಸಾವಿರ ವರ್ಷಗಳಿಗೂ ಹಳೆಯದು. ಮರೆತುಹೋಗಿ ಪೀಠದ ಕೆಳಗೆ ಸೇರಿತ್ತು, ಅಷ್ಟೆ.

ಕಾಯಿದೆಯು ದೋಣಿಯನ್ನು ತಡೆಯಬಲ್ಲದು. ಬುಟ್ಟಿಯ ಮುಂದೆ ನಿಂತವನ ಕೈಯನ್ನು ತಡೆಯಬೇಕಾದವನು ಅವನೇ. ಚಳಿಗಾಲದಲ್ಲಿ ನೇತ್ರಾಣಿಗೆ ಹೋಗುವವರಲ್ಲಿ ನನ್ನ ವಿಜ್ಞಾಪನೆಯು ಸ್ವಲ್ಪವೇ. ನೀರೊಳಗೆ ಹವಳವನ್ನು ಮುಟ್ಟಬೇಡಿ, ಶಾರ್ಕು ಕಂಡರೆ ಬೆನ್ನಟ್ಟಬೇಡಿ, ಮೆಲ್ಲನೆ ಉಸಿರಾಡಿ ನೋಡಿ. ದಡಕ್ಕೆ ಬಂದ ಮೇಲೆ ಪೇಟೆಯಲ್ಲಿ ಮೊಳದುದ್ದದ ತಾಟೆಮರಿಗಳ ಬುಟ್ಟಿ ಎದುರಾದರೆ, ಆ ದಿನ ಬಂಗುಡೆಯನ್ನು ಕೊಳ್ಳಿ.